ಒಂದು ಬಾಟಲಿ

ಬಾಬುಜಾನ್, ಮುಷ್ಟಿ ಬಿಗಿ ಮಾಡಿ, ಬಿಡಿ.
ಇನ್ನೊಮ್ಮೆ.
ನರ ಸಿಕ್ಕಿತು. ಹತ್ತು ನಿಮಿಷ ಅಲ್ಲಾಡಬೇಡಿ,
ಒಂದು ಕತೆ ಹೇಳುತ್ತೇನೆ.

ಬರ್ಲಿನ್ನಿನ ಪೂರ್ವಕ್ಕೆ, ಕಾಡಿನಂಚಿಗೆ ಒಂದು ಕ್ಲಬ್ಬು.
ಕಬ್ಬಿಣ ಕಾಸುವವರು, ಬೀಗ ಮಾಡುವವರು,
ಜೆರ್ಸಿಯೂ ಒಂದು ಕಾಲಕ್ಕೆ ಕಾರ್ಖಾನೆ ನೀಲಿ.
ನಿಮ್ಮ ಅರಸೀಕೆರೆ ಲೋಕೋ ಶೆಡ್ಡಿನ ಹಾಗೆ,
ಹನ್ನೊಂದು ಜನಕ್ಕೂ ಒಂದೇ ಗ್ರೀಸಿನ ವಾಸನೆ.

ಗೋಡೆ ಎದ್ದಿತು, ಗೋಡೆ ಬಿತ್ತು,
ಕ್ಲಬ್ಬಿನ ಡಬ್ಬಿಯಲ್ಲಿ ಕಾಸು ಮಾತ್ರ ನಿಲ್ಲಲಿಲ್ಲ.
ಆಗ ಮಂದಿ ಸಾಲುಗಟ್ಟಿ ರಕ್ತ ಕೊಟ್ಟರಂತೆ,
ಬಂದ ದುಡ್ಡು ಕ್ಲಬ್ಬಿಗೆ.
ಆಮೇಲೆ ಗಾರೆ ಕಲಸಿ ಮೆಟ್ಟಿಲನ್ನೂ ತಾವೇ ಕಟ್ಟಿದರು.

"ಬಾಟಲಿಗೆ ಎಷ್ಟಂತೆ?"
ಗೊತ್ತಿಲ್ಲ. ಇಲ್ಲಿ ಮಾರುವ ಹಾಗಿಲ್ಲ.
"ಮೀಟರ್ ಗೇಜು ಕಿತ್ತ ವರ್ಷ
ನಮ್ಮ ಗೋಲುಗಂಬಾನೂ ಗುಜರಿಗೆ ಹೋಯ್ತು.
ತೂಕಕ್ಕೆ ಎತ್ತಿಟ್ಟವನು ನಾನೇ. ನಲವತ್ತೆರಡು ಕೇಜಿ.
ನಮ್ಮನ್ನ ಯಾರೂ ಏನೂ ಕೇಳಲಿಲ್ಲ ಸಿಸ್ಟರ್,
ರಕ್ತ ಇತ್ತು."

ಚೀಲ ತುಂಬಿತು. ಹತ್ತಿ ಒತ್ತಿ ಹಿಡೀರಿ, ಬಿಸ್ಕತ್ತು ತಿನ್ನಿ.
ಮೇಲೆ ಹೆರಿಗೆ ವಾರ್ಡಿನಲ್ಲಿ
ಹೊಳೆನರಸೀಪುರದ ಹುಡುಗಿಯೊಬ್ಬಳು ಕಾಯುತ್ತಿದ್ದಾಳೆ.

ನೀವು ಏಳಲಿಲ್ಲ.
"ಈಗ ಅವರು ಯಾವ ಡಿವಿಷನ್ನು?"
ಮೊದಲನೇದು.
ಮಂಚದ ತುದಿಯಲ್ಲಿ ನಿಮ್ಮ ಎಡಗಾಲು
ಸ್ವಲ್ಪ ಮಿಸುಕಿತು.
ಈಗ ಅಲ್ಲಾಡಬಹುದು, ಅಂದೆ.