ಪ್ರತಿ ಮೂರು

ನನ್ನ ಟ್ರಂಕಿನಲ್ಲಿರುವ ಪುಸ್ತಕಗಳನ್ನು ಓದಲು ಬರುವುದಿಲ್ಲ.
ಅದಕ್ಕೇ ಇಟ್ಟುಕೊಂಡಿದ್ದೇನೆ.

ಒಂದರಲ್ಲಿ ಬರೀ ಅಲ್ಪವಿರಾಮ, ನೂರಾ ಹನ್ನೆರಡು ಪುಟ,
ಪ್ರಾಗಿನಿಂದ ಒಬ್ಬಾಕೆ ಅಂಚೆಯಲ್ಲಿ ಕಳಿಸಿದ್ದು.
ಬದಲಿಗೆ ನಾನು ಕಳಿಸಿದ್ದು ಸೊಲ್ಲಾಪುರದ ಮಗ್ಗದ ತೂತಿನ ಪಟ್ಟಿ,
ಚಾದರದ ಮೇಲೆ ನವಿಲು ಮೂಡಿಸುವಂಥದು.
ಕವಿತೆಯೆಂದು ಗೋಡೆಗೆ ಹಾಕಿದ್ದಾಳಂತೆ.
ಇನ್ನೊಂದು, ಬಿಚ್ಚಿದರೆ ಹನ್ನೊಂದು ಅಡಿ;
ನಮ್ಮ ಪಡಸಾಲೆ ಒಂಬತ್ತು.
ಮುಗಿಯುವುದನ್ನು ನೋಡಬೇಕಾದರೆ ಬೀದಿ ಬಾಗಿಲು ತೆಗೆಯಬೇಕು.

ಪೋಸ್ಟಿನ ಮಾನೆ ಪ್ರತಿ ಸಲ ಕೇಳುತ್ತಿದ್ದ, ಒಳಗೇನು?
ಪುಸ್ತಕ.
ಏನೂ ಬರದೇ ಇಲ್ಲಲ್ರೀ.
ಸುಂಕ ಮಾತ್ರ ಬರೆದಿರುತ್ತಿತ್ತು.

ಮೂವತ್ತೊಂದು ವರ್ಷ ಎಸ್.ಟಿ. ಕಂಡಕ್ಟರು ನಾನು.
ಟಿಕೀಟಿಗೆ ತೂತು ಹೊಡೆದೂ ಹೊಡೆದೂ
ಈ ಹುಚ್ಚು ಕೈಗೆ ಹತ್ತಿರಬೇಕು.
ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ಬಸ್ಸು ಬರಿದಾದ ಮೇಲೆ
ಹಿಂದಿನ ಸೀಟಿನಲ್ಲಿ, ಕಡಲೆ ಸಿಪ್ಪೆಯ ಜೊತೆಗೆ, ಸಿಕ್ಕಿತ್ತು:
ಹದಿನಾರು ಪುಟ, ಹಳದಿ ನೂಲಿನ ಹೊಲಿಗೆ.
ಸಾತಲಿಂಗಪ್ಪ ಕುಂಬಾರ, ದುಧನಿ. ಏಳು ಪ್ರತಿ. ಇದು ಮೂರು.
ಒಂಬತ್ತನೆಯ ಪುಟ ಹೀಗಿದೆ:

ಠ  ಠ  ಠ  ಠ  ಠ  ಠ  ಠ
ಠ  ಠ  ಠ  ಠ  ಠ  ಠ  ಠ
ಠ  ಠ  ಠ  ಠ  ठ  ಠ  ಠ
ಠ  ಠ  ಠ  ಠ  ಠ  ಠ  ಠ

ಹುಬ್ಬಿನ ಕೆಳಗೆ ಕಣ್ಣು, ಕಣ್ಣೊಳಗೆ ಗುಡ್ಡೆ,
ನಡುವೆ ಒಂದೇ ಒಂದು ಮರಾಠಿಯದು,
ಗುಡ್ಡೆಯಿಲ್ಲದ್ದು.
ಅದರ ಮೇಲೆ ನಾಲ್ಕು ಪುಟ ಟಿಪ್ಪಣಿ ಬರೆದೆ.
ಗಡಿ ಎಂದೆ. ಕುರುಡು ಎಂದೆ. ಎರಡು ಭಾಷೆಯ ನಡುವೆ
ಸಿಕ್ಕಿಬಿದ್ದ ಊರಿನ ನೋಟ ಎಂದೆ.
ಪ್ರಾಗಿನಾಕೆ ಹೌದು ಹೌದು ಎಂದು ಮೂರು ಕಾಗದ ಬರೆದಳು.

ರಿಟೈರಾದ ಮೇಲೆ ಟಿಕೀಟು ತೆಗೆಸಿ ದುಧನಿಗೆ ಹೋದೆ.
ಅಡತಿ ಅಂಗಡಿಗಳ ಹಿಂದೆ ಪ್ರೆಸ್ಸಿದ್ದ ಜಾಗದಲ್ಲಿ
ತೊಗರಿ ಚೀಲ. ಮನೆಯಲ್ಲಿ ಮಗಳು ಜಗದೇವಿ,
ಅವಳೂ ಅರವತ್ತರ ಹತ್ತಿರ.
ಏಳನೆಯ ಪ್ರತಿ ಮಸಾಲೆ ಡಬ್ಬಿಗಳ ಕೆಳಗೆ ಹಾಸಿತ್ತು,
ಅರಿಶಿನ ಒಂದು ಕಡೆ ಪುಟ ಆರರವರೆಗೆ ಇಳಿದಿತ್ತು.
ಕೊಡ್ತೀರಾ? ಎಂದೆ.
ಹಾಸಾಕ ಬೇಕು, ಅಂದಳು.

ಠ ಯಾಕೆ?
ಸವೀತಿದ್ದಿಲ್ಲರಿ ಅದು.
ಲಗ್ನಪತ್ರಿಕೆ, ಅಡತಿ ಪಟ್ಟಿ, ಜಾತ್ರಿ ಹ್ಯಾಂಡ್‌ಬಿಲ್ಲು,
ಕ, ರ, ತ, ಲ ಎಲ್ಲಾ ಮೂತಿ ಸೊಟ್ಟ ಆಗಿದ್ವು.
ಠ ಯಾರಿಗೆ ಬೇಕು? ವರ್ಷಕ್ಕೊಂದು
ಹಿರೇಮಠರ ಮನಿ ಲಗ್ನ ಬಂದ್ರ ಒಂದೆರಡು.
ಙ ಅಂತೂ ತಂದಾಗಿನ ಹೊಳಪು ಹೋಗಿದ್ದೇ ಇಲ್ಲ.
ಕೆಲಸ ಸಿಗದವ್ರನ್ನ ರಾತ್ರಿ ಕರಕೊಂಡು ಕೂಡ್ತಿದ್ದ ಅಪ್ಪ.

ಮತ್ತೆ ಈ ಕುರುಡು?
ನನ್ನ ಪುಟದ ಮೇಲೆ ಬಾಗಿ ನೋಡಿದಳು.
ಅಯ್ಯ, ನಂದೇ ತಪ್ಪದು.
ಎಂಟು ವರ್ಷದಾಕಿ, ಮೊಳಿ ಬಿಚ್ಚಿ ಮನಿಮನಿಗೆ ಹಾಕಾಕ ಕುಂದ್ರಿಸಿದ್ದ,
ಎರಡೂ ಗುಂಡಗಿದ್ವು, ಇದರಾಗ ಅದು ಹಾಕಿದ್ನಿ.
ಅಪ್ಪ ನೋಡಿದ. ಬೈಲಿಲ್ಲ.
ಹಂಗೇ ಏಳೂ ಹೊಡದ.

ನಾಲ್ಕು ಪುಟ ಟಿಪ್ಪಣಿ ಚೀಲದಲ್ಲೇ ಇತ್ತು,
ಹೊರಗೆ ತೆಗೆಯಲಿಲ್ಲ.
ಆಕೆ ನನ್ನ ಅಂಗಿ ಕಿಸೆಯ ಪೆನ್ನು ಎಳೆದುಕೊಂಡು,
ಬೇಡ ಬೇಡ ಎನ್ನುವಷ್ಟರಲ್ಲಿ,
ಗುಂಡದೊಳಗೆ
ಇಟ್ಟೇಬಿಟ್ಟಳು ಚುಕ್ಕೆ.

ಕೊನೆಯ ಬಸ್ಸಿನಲ್ಲಿ ತೆರೆದು ನೋಡಲು ಧೈರ್ಯವಾಗಲಿಲ್ಲ.
ರಾತ್ರಿ ಪಟ್ಟಿ ತೆಗೆದು ಬರೆದೆ:
ಪ್ರತಿ ಮೂರು. ಹೊಲಿಗೆ ಗಟ್ಟಿ. ಅಂಚಿಗೆ ಹುಳ.
ದೋಷ ಎಂಬ ಕಲಮಿನಲ್ಲಿ ಪೆನ್ನು ಬಹಳ ಹೊತ್ತು ನಿಂತಿತು,
ಹೊಡೆದು ಹಾಕಿ, ಪಕ್ಕದಲ್ಲಿ:
ಪುಟ ಒಂಬತ್ತು, ಸಾಲು ಮೂರು, ನೀಲಿ ಬಾಲ್‌ಪೆನ್ನು,
ಮೊಳೆ ಹಾಕಿದವರ ಕೈಯಿಂದಲೇ.