ಹೆಸರಿನ್ಯಾಗಿನ ಮನಿ

ಮಾರ್ಚ್ ಕಡೇ ವಾರ. ಹುಬ್ಬಳ್ಳಿ, ದಾಜಿಬಾನ ಪೇಟಿ,
ಎರಡನೇ ಮಾಳಿಗಿ, ಮಿಸ್ಕಿನ್ ಆಡಿಟರ್ ಆಫೀಸು.
ಕಾಗದ ಹಾರತಾವಂತ
ಫ್ಯಾನು ಆರಿಸಿ ಕುಂತೇನಿ.

ತಾರಿಹಾಳದ ಕಡೆ ತುಳಜಾಸಾ ಮೆಹರವಾಡೆ ಕಟ್ಟಿಸಿದ
ನಲವತ್ತೆಂಟು ಬಾಡಿಗಿ ಮನಿ.
ಬಾಡಿಗಿ ಕಡಿಮಿ ಇಟ್ಟರ ತೆರಿಗಿ ಕಡಿಮಿ.
ಹತ್ತು ವರ್ಷದ ಮಾತು.
"ಧರ್ಮಾನೂ ಆತು, ಲೆಕ್ಕಾನೂ ಆತು" ಅಂತಾರ ಸಾವಕಾರರು,
ಚಹಾದ ಬಸಿ ಕೆಳಗಿಟ್ಟು.
ಸುಳ್ಳಲ್ಲ. ಬರೇ ಧರ್ಮ ಇದ್ದಾಗ ಅಲ್ಲಿ
ಜಾಲಿಗಿಡ ಇತ್ತು, ನಾ ಕಂಡೇನಿ.

ನನ್ನ ಕೆಲಸ, ಬಾಡಿಗಿದಾರರ ಯಾದಿ ಟೈಪ್ ಮಾಡೂದು.

ಮನಿ ನಂಬರ್ ಒಂದು, ನೀಲವ್ವ ಹೊಸಮನಿ.
ಎರಡು, ಯಮನೂರಪ್ಪ ದೊಡ್ಡಮನಿ, ಎಪಿಎಂಸಿ ಹಮಾಲ.
ಏಳು, ಗುರುಸಿದ್ದ ಹಿತ್ತಲಮನಿ.
ಹನ್ನೆರಡು, ಮೇಲಿನಮನಿ. ಇರೂದು ತಳ ಅಂತಸ್ತು.
ಹತ್ತೊಂಬತ್ತು, ಬೀಬಿಜಾನ್ ಮುಲ್ಲಾನವರ,
ಖಾನಾವಳಿಗೆ ರೊಟ್ಟಿ ಬಡೀತಾಳ;
ಉದ್ಯೋಗದ ಮುಂದ "ಸ್ವಂತ" ಅಂತ ಹೊಡದೆ.
ಸ್ವಂತದ್ದು ಅಷ್ಟs ಇತ್ತು.

ನಲವತ್ತೆಂಟರಾಗ ಹದಿನೇಳು ಮಂದಿ
ಹೆಸರಿನ್ಯಾಗ ಮನಿ ಇಟಗೊಂಡು ಹುಟ್ಟಿದವರು.
ಒಂದು ಮನಿನೂ ಹೆಸರಿನ್ಯಾಗಿಲ್ಲ.
ಯಾವ ಮುತ್ಯಾ ಯಾವ ಓಣ್ಯಾಗ ಏನು ಕಟ್ಟಿದ್ದನೋ,
ಗ್ವಾಡಿ ಬಿದ್ದು ಅಡ್ಡಹೆಸರು ಉಳದೈತಿ.

ಚದರ ಮೀಟರ್ ನನಗ ತಿಳಿಯೂದಿಲ್ಲ.
ಸಂಜಿಮುಂದ ಹೋಗಿ ನೋಡಿ ಬಂದೆ:
ಮೂರು ಕೌದಿ ಹಾಸಬಹುದು, ನಾಕನೇದು ಮಡಚಬೇಕು.
ಕಿಡಕಿ ಐತಿ. ನಳ ಐತಿ. ನೀರು
ಎಂಟು ದಿನಕ್ಕೊಮ್ಮೆ, ಬಡವ ಸಾವಕಾರ ಅನ್ನದ.

ಫಾರ್ಮಿನ್ಯಾಗ ಹತ್ತು ಸಾಲು, ವರ್ಷಕ್ಕೊಂದು.
ಹತ್ತು ಮುಗಿದರೂ ಬೆರಳು ತನ್ನಷ್ಟಕ್ಕ ತಾನs
ಹನ್ನೊಂದು ಅಂತ ಹೊಡೀತು. ಕಂಪ್ಯೂಟರ್ ಒಲ್ಲೆ ಅಂತು.
ಹನ್ನೊಂದಕ್ಕ ಬಾಡಿಗಿ ಎಷ್ಟ್ರೀ ಸರ್, ಅಂದೆ.
ಸಾಹೇಬರು ಕನ್ನಡಕ ಒರಸಿದರು,
"ಅದು ಈ ರಿಟರ್ನಿನ ಪ್ರಶ್ನೆ ಅಲ್ಲವ್ವಾ."

ನೀಲವ್ವನ ಮಗಳು ಈಗ ಎರಡನೇತ್ತಾ.
ಬೆರಳು ಮಡಚಿ ಎಣಿಸಿದೆ:
ಹತ್ತು ಮುಗಿಯೂ ಮಾರ್ಚದಾಗ
ಆ ಹುಡುಗೀದು ಪಿಯುಸಿ ಪರೀಕ್ಷಾ.

ನಲವತ್ತೊಂದನೇ ಮನಿ ಇನ್ನೂ ಖಾಲಿ.
ಹೆಸರಿನ ಜಾಗಾದಾಗ ಗೀಟು ಮಿಣಕ್ ಮಿಣಕ್ ಅಂತೈತಿ.
ನನ್ನ ಅಡ್ಡಹೆಸರು ಪಡಸಾಲಿ.
ಪೂರಾ ಮನಿ ಅಲ್ಲ,
ಬಂದವರು ಕುಂತು ಎದ್ದು ಹೋಗೂ ಜಾಗ.
ಹೊಡದು ನೋಡಿದೆ. ನಾಕು ಅಕ್ಷರ.
ಸಾಹೇಬರು ಊಟಕ್ಕ ಹೋಗ್ಯಾರ.
ಅಳಸಲಿಕ್ಕೆ
ಇನ್ನೂ ಅರ್ಧಾ ತಾಸು ಐತಿ.