ತಗ್ಗಿ ಕೂರುವ ಗಾಡಿ

ಮೊದಲು ಬಾಗಿಲು ಮುಚ್ಚಿ ಕಿವಿಗೊಡುತ್ತೇನೆ.
ತಗಡಾದರೆ ತಗಡೆಂದೇ ಹೇಳುತ್ತದೆ ಅದು,
ಶೋರೂಮಿನ ಹುಡುಗ ಏನೇ ಹೇಳಲಿ.
ಇದರದ್ದು ಅಡ್ಡಿಯಿಲ್ಲ,
ಉಪ್ಪಿನ ಮೂಟೆ ನೆಲಕ್ಕಿಳಿಸಿದ ಹಾಗೆ, ಒಂದೇ ಮಾತು.

ಕೋಡಿಬಾಗದಲ್ಲಿ ನನ್ನ ಗ್ಯಾರೇಜು. ಇಪ್ಪತ್ತೆರಡು ವರ್ಷ.
ಹೊಸ ಗಾಡಿ ಕೊಳ್ಳುವವರು ನನ್ನನ್ನು ಕರೆದೊಯ್ಯುತ್ತಾರೆ
ಹೆಣ್ಣು ನೋಡಲು ಸೋದರಮಾವನನ್ನು ಕರೆದೊಯ್ಯುವ ಹಾಗೆ.
ಒಪ್ಪಿಗೆಗಲ್ಲ,
ಆಮೇಲೆ ಬೈಯಲಿಕ್ಕೆ ಒಬ್ಬ ಬೇಕಲ್ಲ.

ಈ ಸಲ ಕರೆದದ್ದು ಸುಲಕ್ಷಾ ತಾಂಡೇಲ,
ಬೈತಖೋಲದ ಧಕ್ಕೆಯಲ್ಲಿ ಐಸು ಮಾರುವವಳು.
ಗಂಡ ಉಲ್ಲಾಸ ಬೋಟಿನ ಮೇಲೆ;
ರೇಂಜು ಸಿಕ್ಕ ಒಂದು ನಿಮಿಷದಲ್ಲಿ ಒಂದೇ ಪ್ರಶ್ನೆ: ಎವರೇಜ್ ಎಷ್ಟು?
ಮಗನಿಗೆ ಸೀಟಿನ ಕೆಂಪು ಹೊಲಿಗೆ ಸಾಕಾಗಿತ್ತು,
‘ಸ್ಪೋರ್ಟ್’ ಎಂಬ ಒಂದು ಗುಂಡಿ.
ಅತ್ತೆ ದ್ವಾರಕಾಬಾಯಿಗೆ ಎರಡು ಮೊಣಕಾಲು.

ಬರೆದುಕೊಳ್ಳುವವರು ಬರೆದುಕೊಳ್ಳಿ.
ಇಂಜಿನ್ನು ಎರಡು ಸಾವಿರ ಸುತ್ತಿನವರೆಗೆ ಸಂಭಾವಿತ,
ಆಮೇಲೆ ಸಾಲ ಕೊಟ್ಟವನನ್ನು ಕಂಡವನ ಹಾಗೆ ಓಡುತ್ತದೆ.
ತಿರುವಿನಲ್ಲಿ ಮೈ ವಾಲುವುದಿಲ್ಲ;
ಹೊಂಡಗಳು ಮಾತ್ರ ನೇರ ಸೊಂಟಕ್ಕೆ ವರದಿಯಾಗುತ್ತವೆ.
ನೆಲಕ್ಕೂ ಹೊಟ್ಟೆಗೂ ನಡುವೆ ಒಂದು ಗೇಣೂ ಇಲ್ಲ.
ನಮ್ಮ ಓಣಿಗೆ ಹಂಪು ಹಾಕಿದವರೋ
ಟ್ರ್ಯಾಕ್ಟರು ನೆನೆಸಿಕೊಂಡು ಹಾಕಿದವರು.
ಡಿಕ್ಕಿಗೆ ಹೊಟ್ಟೆ ದೊಡ್ಡದು, ಬಾಯಿ ಸಣ್ಣದು.
ಸುಲಕ್ಷಾ ತಂದ ಥರ್ಮೋಕೋಲಿನ ಪೆಟ್ಟಿಗೆ
ಅಡ್ಡ ಹಿಡಿದರೂ ಹೋಗಲಿಲ್ಲ, ಉದ್ದ ಹಿಡಿದರೂ.
ಹಿಂದಿನ ನಡುಸೀಟು ಯಾರಿಗೂ ಮಾಡಿದ್ದಲ್ಲ.
ನನಗೆ ಗೊತ್ತು, ಕೂತದ್ದು ನಾನೇ.

ಮತ್ತೆ ಉಪ್ಪುಗಾಳಿ. ಯಾವ ಪುಸ್ತಿಕೆಯಲ್ಲೂ ಅದು ಇರುವುದಿಲ್ಲ.
ಕಾರವಾರದಲ್ಲಿ ಗಾಡಿಗೆ ವಯಸ್ಸಾಗಲು ಓಡಬೇಕೆಂದಿಲ್ಲ,
ನಿಂತಲ್ಲೇ ಆಗುತ್ತದೆ, ಸೈಲೆನ್ಸರಿನ ಬೆಸುಗೆಯಿಂದ ಶುರುವಾಗಿ.
ಅಡಿಗೆ ಮೂರು ಪದರ ಬಳಿಸಿ.
ಹುಡುಗ ಫ್ರೀ ಎಂದರೆ
ಒಂದೇ ಎಂದು ತಿಳಿಯಿರಿ.

ಅಜ್ಜಿ ಗಾಡಿ ಹತ್ತಲಿಲ್ಲ, ಗಾಡಿಗೆ ಇಳಿದರು,
ನನ್ನ ತಲೆಯ ಮೇಲೆ ಒಂದು ಕೈ ಊರಿ.
ಬಿಣಗಾದವರೆಗೆ ಮಗ ಓಡಿಸಿದ,
ಕನ್ನಡಿಯಲ್ಲಿ ರಸ್ತೆಗಿಂತ ತನ್ನನ್ನೇ ಹೆಚ್ಚು ನೋಡುತ್ತ.
ಅರ್ಗಾದಲ್ಲಿ ತಿರುಗಿಸುವಾಗ
“ಸರಿ ಅತ್ಲಾಗೆ” ಅಂದಳು ಸುಲಕ್ಷಾ.

ಹನ್ನೊಂದು ವರ್ಷ ಐಸಿನ ಪಿಕಪ್ಪು ಓಡಿಸಿದ ಕೈ ಅದು,
ಹಿಂದೆ ಸರಕು ನೀರಾಗುತ್ತಿದೆ ಎಂದು
ಬೆನ್ನಿನಿಂದಲೇ ತಿಳಿಯುವ ಕೈ.
ಸುರಂಗದ ಬಾಯಲ್ಲಿ ಗೇರು ಇಳಿಸಿದಳು.
ಸದ್ದು ಗೋಡೆಗೆ ಹೊಡೆದು ನಮ್ಮ ಮೇಲೇ ತಿರುಗಿ ಬಂತು.
ಮಗ ಮೇಲಿನ ಹಿಡಿಕೆ ಹುಡುಕಿದ.
ಶೋರೂಮಿನ ಹುಡುಗ ವಾರಂಟಿಯ ಮಾತನ್ನು
ಅರ್ಧಕ್ಕೆ ಬಿಟ್ಟ.
ಮುಳ್ಳು ಎಲ್ಲಿಯವರೆಗೆ ಹೋಯಿತೆಂದು ನಾನು ಹೇಳುವುದಿಲ್ಲ,
ಪೊಲೀಸರ ಜೀಪೂ ನನ್ನಲ್ಲೇ ರಿಪೇರಿಗೆ ಬರುವುದು.

ಆಚೆ ಬಂದರಿನ ಬೆಳಕು, ಒಮ್ಮೆಲೇ.
ಬ್ರೇಕು ಹಿಡಿದದ್ದು ಗೊತ್ತಾಗದಂತೆ ಗಾಡಿ ನಿಧಾನವಾಯಿತು.
“ನನ್ನ ಅಪ್ಪನ ದೋಣಿ ಹೀಗೇ ತಗ್ಗಿ ಕೂರ್ತಿತ್ತು” ಅಂದರು ಅಜ್ಜಿ,
ಯಾರಿಗೂ ಅಲ್ಲ.
“ಎತ್ತರದ್ದು ಮಗುಚೂದು.”

ಅವರನ್ನು ಹೊರಗೆಳೆಯಲು ಮಾತ್ರ ಇಬ್ಬರು ಬೇಕಾಯಿತು.

ಬೇಡ ಅಂದೆ ಸುಲಕ್ಷಾಗೆ. ಹಂಪು, ಡಿಕ್ಕಿ, ಮೊಣಕಾಲು,
ಬೆರಳು ಮಡಚಿ ಎಣಿಸಿದೆ.
ಅವಳು ಕೇಳಿದಳು: “ನಿನ್ನ ದುಡ್ಡಾಗಿದ್ದರೆ?”
ನಾನು ಬಗ್ಗಿ ಟೈರು ನೋಡಿದೆ.
ಹೊಸ ಟೈರಿನಲ್ಲಿ ನೋಡಲು ಏನೂ ಇರುವುದಿಲ್ಲ.

ಮುಂದಿನ ತಿಂಗಳು ಗಾಡಿ ಬಂತು ನನ್ನಲ್ಲಿಗೆ, ಅಡಿ ಬಳಿಸಲು.
ಎತ್ತಿ ನೋಡಿದರೆ ಹಂಪು ಆಗಲೇ ಸಹಿ ಹಾಕಿತ್ತು.
ಅದರ ಮೇಲೇ ಬಳಿದೆ; ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ಹಿಂದಿನ ಸೀಟಿನ ಮೇಲೆ ಹಳೇ ಸೀರೆ ಸುತ್ತಿದ ಹಲಗೆಯೊಂದು.
ಒತ್ತಿದರೆ ಕಿರ್ರೆಂದಿತು.
ಡಿಕ್ಕಿಗೆ ಹೋಗದಿದ್ದ ಆ ಪೆಟ್ಟಿಗೆಯ ಮುಚ್ಚಳ,
ಅಜ್ಜಿಯ ಅಳತೆಗೆ ಕೊಯ್ದದ್ದು,
ನಾಲ್ಕು ಬೆರಳು ದಪ್ಪ.